ಎಪ್ಪತ್ತೆರಡು ಹೆಜ್ಜೆಯ ಹಕ್ಕಿ

ನನ್ನ ಸೋದರಮಾವನಿಗೆ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ! ಅಮೃತಹಳ್ಳಿ ಕೆರೆಯ ನೀರುಗಂಟಿ ಅವನು. ತೂಬೆತ್ತಿ ಗದ್ದೆಗಳಿಗೆ ನೀರು ಬಿಡುವ ಕೆಲಸ. ಜೊಂಡಿನೊಳಗೆ ಎಮ್ಮೆ ಇಳಿಸಿದವರಿಗೆ ಬೈಗುಳ, ಬಟ್ಟೆ ಒಗೆಯುತ್ತ ಹಾಡಿದವರಿಗೆ ಬೈಗುಳ, ಏರಿಯ ಮೇಲೆ ಕೆಮ್ಮಿದವರಿಗೂ ಬೈಗುಳ. ಎಲ್ಲ ಒಂದು ಹಕ್ಕಿಗಾಗಿ!

ಅದರಲ್ಲೇನಿತ್ತು? ಮಣ್ಣಿನ ಬಣ್ಣ, ಹೆಬ್ಬೆರಳಿನಷ್ಟು ಮೈ. ಆದರೆ ಜೊಂಡಿನ ತುದಿಗೇರಿ ಅದು ಹಾಡತೊಡಗಿದರೆ ಮಾವನ ಬಾಯಿ ತಾನಾಗಿ ಮುಚ್ಚುತ್ತಿತ್ತು. ಜಕ್ಕೂರು, ಹೆಬ್ಬಾಳ, ಯಲಹಂಕದ ಕೆರೆಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಹುಡುಕಿ ಬಂದಿದ್ದ. ಎಲ್ಲೂ ಅದಿರಲಿಲ್ಲ.

"ತೂಬಿನಿಂದ ಒಂಗೆಮರದ ಗಂಟ ಎಪ್ಪತ್ತೆರಡು ಎಜ್ಜೆ. ಅಷ್ಟೇ ಕಣ್ಲಾ ಅದರ ರಾಜ್ಯ."

"ಎಬ್ಬಾಳದಾಗೂ ಜೊಂಡೈತಲ್ಲ ಮಾವ?"

"ಯಶವಂತಪುರದ ಟೇಸನ್ನಾಗೂ ಬೆಂಚೈತೆ. ಅಲ್ಲೇ ಸಂಸಾರ ಮಾಡ್ತೀಯಾ?"

ನಾನಾಗ ಆ ಸ್ಟೇಷನ್ನಿನಲ್ಲೇ ಗುಮಾಸ್ತನಾಗಿದ್ದೆ.

ಹೊಸ ಹುಲ್ಲು ಚಿಗುರಲೆಂದು ಬೇಸಿಗೆಯಲ್ಲಿ ಊರವರು ಒಣ ಜೊಂಡಿಗೆ ಬೆಂಕಿ ಕೊಡುತ್ತಿದ್ದರು. ಮಾವ ಪ್ರತಿವರ್ಷ ಜಗಳವಾಡಿ, ಹಕ್ಕಿಯ ಜಾಗದ ಸುತ್ತ ಕಪ್ಪು ಗೂಟ ನೆಟ್ಟು ಅಷ್ಟನ್ನು ಉಳಿಸಿಕೊಳ್ಳುತ್ತಿದ್ದ. ಅರವತ್ತರ ದಶಕದ ಒಂದು ವರ್ಷ ಸರ್ವೆಯವರು ಬಡಾವಣೆಗೆಂದು ನಮ್ಮ ಹೊಲಗಳಲ್ಲಿ ಸುಣ್ಣ ಬಳಿದ ಗೂಟ ನೆಟ್ಟು ಹೋದರು. ಮಾವನಿಗೆ ಬುದ್ಧಿ ಹೊಳೆಯಿತು. ಸರ್ಕಾರದ್ದೆಂದರೆ ಯಾರೂ ಮುಟ್ಟುವುದಿಲ್ಲವೆಂದು ತನ್ನ ಗೂಟಗಳಿಗೂ ಸುಣ್ಣ ಬಳಿದ! ಯಾರಿಗೂ ಹೇಳಲಿಲ್ಲ.

ಆದರೆ ಆ ವರ್ಷ ಊರಿನ ಸಿಟ್ಟು ಮಾವನ ಸಿಟ್ಟನ್ನೂ ಮೀರಿತ್ತು. ಅವನು ಸಂತೆಗೆ ಹೋಗಿದ್ದ ದಿನ ಬಿಳಿ ಗೂಟ ಕಂಡಲ್ಲೆಲ್ಲ ಕಿತ್ತೆವು. "ಕೆರೆಗೂ ನುಗ್ಗವ್ರೆ ನನ್ಮಕ್ಳು!" ಎಂದು ಕೂಗಿ ತೂಬಿನ ಬಳಿಯವನ್ನು ಕಿತ್ತವನು ನಾನು. ಕಪ್ಪು ಗೂಟ ಒಂದೂ ಕಾಣದ್ದರಿಂದ, ಮುದುಕ ಈ ಸಲ ಕೈಬಿಟ್ಟನೆಂದುಕೊಂಡು ಜೊಂಡಿಗೆಲ್ಲ ಬೆಂಕಿ ಕೊಟ್ಟರು. ಇಂದಿಗೂ ನನಗೆ ನನ್ನ ಈ ಎರಡು ಕೈಗಳ ಮೇಲೆ ಸಿಟ್ಟು.

ಸಂಜೆ ಮಾವ ಬೂದಿಯ ಅಂಚಿನಲ್ಲಿ ನಿಂತಿದ್ದ. ನಾನು ಕಿತ್ತೆಸೆದಿದ್ದ ಗೂಟವೊಂದು ಅವನ ಕೈಯಲ್ಲಿತ್ತು; ಸುಣ್ಣ ಉದುರಿದಲ್ಲಿ ಒಳಗಿನ ಕಪ್ಪು ಕಾಣುತ್ತಿತ್ತು. ಗೂಟ ಕಿತ್ತವನು ನಾನೇ ಎಂದೆ. ಬೈಯಲಿಲ್ಲ. ಮರುದಿನವೂ ಬೈಯಲಿಲ್ಲ. ತಿಂಗಳುಗಟ್ಟಲೆ ಅವನು ಯಾರಿಗೂ ಬೈಯಲಿಲ್ಲ! ಎಮ್ಮೆಗಳು ಇಳಿದವು, ಹೆಂಗಸರು ಹಾಡಿದರು, ಊರೇ ಹೆದರಿತು. ಅತ್ತೆ ನನ್ನ ಕೈ ಹಿಡಿದು, "ಏನಾರ ತಪ್ಪು ಮಾಡಪ್ಪ. ಒಂದು ಕಿತ ಅವ್ರು ಬೈಲಿ" ಎಂದರು.

ಮಳೆ ಬಂತು. ಜೊಂಡು ಎದೆಮಟ್ಟ ಬೆಳೆಯಿತು. ಒಂದು ಬೆಳಿಗ್ಗೆ ಏರಿಯ ಮೇಲೆ ಮುಂದೆ ಹೋಗುತ್ತಿದ್ದ ಮಾವ ತಟ್ಟನೆ ನಿಂತು, ಹಿಂದೆ ಬರುತ್ತಿದ್ದ ನನ್ನ ರಟ್ಟೆ ಹಿಡಿದ. ನನಗೇನೂ ಕೇಳಿಸಲಿಲ್ಲ. ಏನಾಯಿತು ಮಾವ ಎಂದೆ.

"ಬಾಯ್ ಮುಚ್ಲಾ, ಕತ್ತೆ ನನ್ಮಗ್ನೆ!" ಎಂದು ಪಿಸುಗುಟ್ಟಿದ.

ಉಸಿರು ಬಿಗಿಹಿಡಿದು ನಿಂತೆ. ಮಾವ ಇನ್ನೊಂದು ಕೈಯಿಂದ ತೂಬಿನ ಬಳಿಯ ಜೊಂಡಿನ ತುದಿಯತ್ತ ತೋರಿಸಿದ.