ಗೊರವನಹಳ್ಳಿಯಲ್ಲಿ ಸಿಕ್ಕ ಹಳದಿ ಗಂಟು

ನಮ್ಮ ಸೋದರಮಾವನ ಜೊತೆ ಮಾತ್ರ ಎಲ್ಲಿಗೂ ಹೊರಡಬೇಡಿ. ದಾರಿಯಲ್ಲಿ ಬಿದ್ದ ಹತ್ತು ರೂಪಾಯಿ ಅವನ ಕಣ್ಣಿಗೆ ಬಿತ್ತೋ, ನಿಮ್ಮ ಪ್ರಯಾಣ ಅಲ್ಲಿಗೆ ಮುಗಿಯಿತು! ಎತ್ತಿಕೊಂಡು, ಅದೇ ಜಾಗದಲ್ಲಿ ಕರೆಂಟ್ ಕಂಬದ ಹಾಗೆ ನಿಂತುಬಿಡುತ್ತಾನೆ. ಕಳಕೊಂಡವರು ಹುಡುಕುತ್ತಾ ಅಲ್ಲಿಗೇ ವಾಪಸ್ ಬರುತ್ತಾರಂತೆ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಇಪ್ಪತ್ತು ರೂಪಾಯಿ ಹಿಡಿದು ನಿಂತು ಮೂರು ಬಸ್ ಬಿಟ್ಟ. ನಾವು ಮದುವೆಮನೆ ಮುಟ್ಟಿದಾಗ ಪಾತ್ರೆ ತೊಳೆಯುತ್ತಿದ್ದರು!

ಕೇಳಿದವರಿಗೆಲ್ಲ ಕೊಡುತ್ತಾನೆಯೇ? ಅದೂ ಇಲ್ಲ. ಶಿರಾದಲ್ಲಿ ಒಂದು ಪರ್ಸ್ ಸಿಕ್ಕಾಗ ಒಬ್ಬ, "ನಂದೇ ಅಣ್ಣ, ಐನೂರಿತ್ತು" ಎಂದು ಕೈ ಚಾಚಿದ.

"ದುಡ್ಡು ಎಷ್ಟಾದ್ರೂ ಇರ್ಲಿ ಬುಡು. ಪರ್ಸು ಹೆಂಗಿತ್ತು?"

"ಕಪ್ಪಗೆ!"

"ಇದು ಕೆಂಪಗೈತೆ. ಕಪ್ಪಗಾದ್ಮೇಲೆ ಬಾರಪ್ಪ."

ಇಂಥವನ ಜೊತೆ ಮೊನ್ನೆ ಗೊರವನಹಳ್ಳಿಗೆ ಹೋದೆ. ಗುಡಿಯಲ್ಲಿ ಲಕ್ಷ್ಮಿಗೆ ಕೈಮುಗಿದು, ಅಲ್ಲಿಂದ ತುಮಕೂರಿಗೆ ಹೋಗಿ ಅತ್ತೆಗೆ ಮಿಕ್ಸಿ ತರುವುದೆಂದಿತ್ತು. ಬಸ್ ಇಳಿಯುವಾಗ ಸೀಟಿನ ಕೆಳಗೆ ಹಳದಿ ಬಟ್ಟೆಯ ಗಂಟೊಂದು ನನ್ನ ಕಾಲಿಗೆ ತಗುಲಿತು. ಮಾವ ಆಗಲೇ ಇಳಿದಿದ್ದ. ತೋರಿಸಿದರೆ ಸಂಜೆವರೆಗೂ ಬಸ್ ಸ್ಟಾಪೇ ಗತಿ! ಆಗ ನನ್ನ ತಲೆ ಓಡಿತು. ಅದು ಓಡಿದಾಗಲೆಲ್ಲ ಅನಾಹುತವೇ. ಹಳದಿ ಬಟ್ಟೆ ಎಂದರೆ ದೇವರಿಗೆಂದು ಕಟ್ಟಿಟ್ಟ ಮುಡಿಪು. ಮುಡಿಪಿನ ಒಡತಿ ಯಾರು? ಲಕ್ಷ್ಮಿ! ಮಾವನ ಕಣ್ಣು ತಪ್ಪಿಸಿ ಸೀದಾ ಹುಂಡಿಗೆ ತುರುಕಿ, ಆಮೇಲೆ ಪ್ರಸಾದ ತಿನ್ನುತ್ತಾ ಅವನೆದುರು ಜಂಬ ಕೊಚ್ಚಿದೆ.

ಮಾವನ ಮುಖ ಇಳಿಯಿತು. "ಒಳ್ಗೇನಿತ್ತು ನೋಡಿದ್ಯೇನ್ಲಾ?"

"ಮುಡಿಪು ಬಿಚ್ಚಬಾರ್ದಲ್ವಾ ಮಾವ?"

"ಮುಡಿಪೇ ಆದ್ರೂ ಹರಕೆ ಹೊತ್ತೋರು ಗಂಟು ಕಳ್ಕಂಡೋರು ಕಣ್ಲಾ. ತೀರ್ಸಕ್ಕೆ ನೀನ್ಯಾರು?"

ಹುಂಡಿ ನುಂಗಿದ್ದನ್ನು ಕಕ್ಕುತ್ತದೆಯೇ? ಮಾವ ಬಸ್ ಸ್ಟಾಪಿಗೆ ಹೋಗಿ ನಿಂತ. ಗಂಟೆಯೊಳಗೆ ಐ.ಡಿ.ಹಳ್ಳಿ ಕಡೆಯ ಅಜ್ಜಿಯೊಬ್ಬಳು ನೆಲ ನೋಡುತ್ತಾ, ಕಂಡವರನ್ನೆಲ್ಲ ಕೇಳುತ್ತಾ ಬಂದಳು.

"ಹಳ್ದಿ ಬಟ್ಟೆ ಗಂಟು ಕಣಪ್ಪ, ಎಲ್ಡು ಸಾವ್ರ. ಮೊಮ್ಮಗ್ಳ ಪರೀಕ್ಷೆ ಫೀಜು. ಅಮ್ಮನ ಪಾದಕ್ಕೆ ಮುಟ್ಸಿ ಕಟ್ಟಾನ ಅಂತ ತಂದಿದ್ದೆ. ಇವತ್ತೇ ಕೊನೆ ದಿನ."

ಮಾವ ಆ ಕಡೆ ತಿರುಗಿ, ಮಿಕ್ಸಿ ದುಡ್ಡಿನಲ್ಲಿ ಎರಡು ಸಾವಿರ ಎಣಿಸಿದ.

"ಇಕಾ ತಗಳವ್ವ. ನಮ್ಮ ಅಳಿಯಂಗೆ ಸಿಕ್ಕಿತ್ತು."

ಅಜ್ಜಿ ನೋಟುಗಳನ್ನು ತಿರುಗಿಸಿ ನೋಡಿದಳು. "ಬಟ್ಟೆ ಎಲ್ಲಪ್ಪ?"

ಊರಿಗೆಲ್ಲ ಇಂಥ ಪ್ರಶ್ನೆ ಹಾಕುವವನು ಈಗ ತಬ್ಬಿಬ್ಬು! ಸುಳ್ಳು ಹೇಳಿ ಅಭ್ಯಾಸವಿದ್ದರೆ ತಾನೇ? "ಬಟ್ಟೆ... ಗಾಳಿಗೆ ಹಾರೋಯ್ತು ಕಣವ್ವ" ಎಂದ. ಅಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಅಜ್ಜಿ ನನ್ನ ತಲೆ ಸವರಿದಳು. "ಇಂಥ ಮಗನ್ನ ಹೆತ್ತೋಳು ಪುಣ್ಯವಂತೆ!" ಹುಂಡಿಯ ಕಿಂಡಿ ನನ್ನ ಗಾತ್ರಕ್ಕಿದ್ದಿದ್ದರೆ ಆಗಲೇ ಹೋಗಿ ಅದರೊಳಗೆ ಬೀಳುತ್ತಿದ್ದೆ.

ತುಮಕೂರಿನ ಬಸ್ ಬಂತು, ಮಿಕ್ಸಿ ದುಡ್ಡೇ ಇಲ್ಲವಲ್ಲ, ನಾವು ಹತ್ತಲಿಲ್ಲ. ಊರಿಗೆ ವಾಪಸ್ ಹೊರಟ ಕೊರಟಗೆರೆ ಬಸ್ಸಿನಲ್ಲಿ ಬೈಗುಳಕ್ಕೆ ಕಾದು ಕೂತೆ. ಮಾವ ಕಿಟಕಿಯಾಚೆ ನೋಡುತ್ತಿದ್ದ. ತಡೆಯಲಾಗದೆ, "ಒಂದ್ಸಲ ಬೈದ್ಬುಡು ಮಾವ" ಎಂದೆ.

ಅವನು ನನ್ನ ಕಡೆ ತಿರುಗಿದ.

"ಬೆಳಿಗ್ಗೆಯಿಂದ ಪ್ರಸಾದ ಬುಟ್ರೆ ಏನೂ ತಿಂದಿಲ್ವಲ್ಲೋ. ಇಳಿದ್ಮೇಲೆ ಮೊದ್ಲು ಊಟ ಮಾಡಾನ ಬಾ."