ಹರಾಜಿಗಿಟ್ಟ ಪುಕ್ಕಟೆ ಸೀರೆ

ಹೆಂಡತಿಗೆ ಸೀರೆ ಕೊಡಿಸಲು ನಾನೆಂದೂ ಒಲ್ಲೆ ಎಂದವನಲ್ಲ. ಕೊಡಿಸುವ ದಿನವನ್ನು ಮಾತ್ರ ಮುಂದೆ ಹಾಕುತ್ತ ಬಂದಿದ್ದೇನೆ, ಅಷ್ಟೆ. ಮೊಳಕಾಲ್ಮೂರು ರೇಷ್ಮೆ ಸೀರೆ ಬೇಕೆಂದು ಗಂಗಾಂಬಿಕಾ ಕೇಳಿ ಹನ್ನೊಂದು ವರ್ಷವಾಗಿತ್ತು. ಮುಂದಿನ ತಿಂಗಳು ಅವಳ ತಂಗಿಯ ಮನೆಯ ಗೃಹಪ್ರವೇಶ. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಚಳ್ಳಕೆರೆಯಲ್ಲಿ ನನ್ನದು ಶೇಂಗಾ ದಲಾಲಿ ಮಂಡಿ. ಲೆಕ್ಕ ಬರೆಯಲೆಂದು ಎರಡು ಸಾವಿರದ ಆರರಲ್ಲಿ ತಂದ ಕಂಪ್ಯೂಟರು ಮನೆಯಲ್ಲಿ ಟವೆಲು ಹೊದ್ದು ಮಲಗಿತ್ತು. ಅದರಲ್ಲಿ ಸಾಮಾನನ್ನು ಹರಾಜಿಗಿಟ್ಟು ದೇಶಕ್ಕೆಲ್ಲ ಮಾರಬಹುದೆಂದು ಪೇಪರಿನಲ್ಲಿ ಓದಿದ್ದೆ. ಎರಡು ಸೀರೆ ತರುವುದು, ಒಂದನ್ನು ದುಪ್ಪಟ್ಟು ಬೆಲೆಗೆ ಮಾರುವುದು, ಇನ್ನೊಂದು ಹೆಂಡತಿಗೆ ಪುಕ್ಕಟೆ.

"ಹನ್ನೊಂದು ವರ್ಷ ಕಾದಿದ್ದು ಪುಕ್ಕಟೆ ಸೀರೆಗಾ?" ಎಂದಳು ಗಂಗಾಂಬಿಕಾ.

"ಸೀರೆ ನೋಡು. ಬೆಲೆ ಯಾಕೆ ನೋಡ್ತೀಯಾ?"

"ಬೆಲೆ ನೋಡ್ತಿರೋರು ನೀವು ಕಣ್ರೀ."

ಮೊಳಕಾಲ್ಮೂರಿನ ನೇಕಾರ ವೆಂಕಟಪ್ಪ ಐದೈದು ಸಾವಿರಕ್ಕೆ ಎರಡು ಸೀರೆ ಕೊಟ್ಟ. ಎರಡೂ ನೀಲಿ ಮೈ, ಕೆಂಪು ಅಂಚು, ಅವಳಿ ಮಕ್ಕಳ ಹಾಗೆ. "ಮಗ್ಗಕ್ಕೆ ಒಂದ್ಸಲ ಹಾಸಿನ ನೂಲು ಏರಿಸಿದ್ರೆ ಬರೋ ಸೀರೆಯೆಲ್ಲ ಒಂದೇ ಥರ ಸಾವ್ಕಾರ್ರೆ. ಬೇರೆ ಬಣ್ಣ ಅಂದ್ರೆ ಬೇರೆ ಹಾಸು, ತಿಂಗಳ ಮೇಲಾಗ್ತೈತೆ" ಎಂದ. ಒಂದೇ ಥರ ಇದ್ದರೆ ನನಗೇನು ಕಷ್ಟ? ಒಂದು ದೆಹಲಿಗೋ ಎಲ್ಲಿಗೋ ಹೋಗುವುದು ತಾನೆ.

ಅಂದು ಸಂಜೆ ಕಂಪ್ಯೂಟರಿನ ಮುಂದೆ ವಿರಾಜಮಾನನಾದೆ. (ಟವೆಲು ಈಗ ನನ್ನ ಹೆಗಲ ಮೇಲೆ.) ಸೀರೆಯನ್ನು ಪಟ್ಟಿಗೆ ಸೇರಿಸಲು ಒಂದು ಶುಲ್ಕ. ಎರಡನೆಯ ಫೋಟೋ ಹಾಕಿದರೆ ಇನ್ನೊಂದು. ಹೆಸರು ದಪ್ಪಕ್ಷರದಲ್ಲಿ ಬೇಕೆಂದರೆ ಮತ್ತೊಂದು. ಮೂರೂ ಸೇರಿ ನೂರಿಪ್ಪತ್ತು. ಮಾರಾಟವಾದರೆ ನೂರಕ್ಕೆ ಐದು, ಅದೂ ಲಾಭದ ಮೇಲಲ್ಲ, ಮಾರಿದ ಪೂರ್ತಿ ಬೆಲೆಯ ಮೇಲೆ. ಹಣ ಅವರ ಮೂಲಕ ಬಂದರೆ ನೂರಕ್ಕೆ ಇನ್ನೂ ಮೂರು. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಪರಶುರಾಂಪುರದ ಬೋರಯ್ಯ ಶೇಂಗಾ ಚೀಲ ಇಳಿಸಿ ಮಂಡಿಯಲ್ಲಿ ಕೂತಿದ್ದ. ಅವನ ಮುಂದೆ ದುಃಖ ತೋಡಿಕೊಂಡೆ. "ಸೀರೆ ಮುಟ್ಟಲಿಲ್ಲ, ಹೊರಲಿಲ್ಲ, ಕೂತಲ್ಲೇ ಇಷ್ಟು ಹಿಡ್ಕೊಂತಾರೆ ನೋಡು."

"ಭಾಳ ಅನ್ಯಾಯ ಸಾವ್ಕಾರ್ರೆ. ಇಷ್ಟು ಹಿಡಿತೀವಿ ಅಂತ ಮೊದ್ಲೇ ಹೇಳಿದ್ರಾ?"

"ಹೇಳವ್ರೆ. ಎಲ್ಲ ಬರೆದು ಹಾಕವ್ರೆ."

"ಹಂಗಾದ್ರೆ ನಿಮ್ಮ ದಲಾಲ ಒಳ್ಳೇನು ಬಿಡ್ರಿ. ನನಗೆ ಲೆಕ್ಕದ ಪಟ್ಟಿ ಕೈಗೆ ಬಂದ ಮ್ಯಾಲೇ ಗೊತ್ತಾಗಾದು."

ಅವನ ಪಟ್ಟಿ ಆಗ ನನ್ನ ಕೈಯಲ್ಲೇ ಇತ್ತು. ದಲಾಲಿ, ಹಮಾಲಿ, ತೂಕ, ಚೀಲ, ಸ್ಯಾಂಪಲ್ಲಿಗೆಂದು ತೆಗೆದ ಎರಡು ಸೇರು, ದೇವರ ಕಾಣಿಕೆ. ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ಸ್ಯಾಂಪಲ್ಲಿನ ಸಾಲನ್ನು ಹೊಡೆದು ಹಾಕಿದೆ. (ದೇವರನ್ನು ಮುಟ್ಟಲಿಲ್ಲ.)

ಹರಾಜು ಏಳು ದಿನದ್ದು. ಕೊನೆಯ ದಿನ ದೆಹಲಿಯವನೊಬ್ಬ ಐದು ಸಾವಿರದ ನಾನೂರಕ್ಕೆ ನಿಂತಿದ್ದ. ಎಲ್ಲ ಶುಲ್ಕ ಕಳೆದರೆ ನನಗೇ ನೂರೈವತ್ತು ನಷ್ಟ. ಮಂಡಿಯ ಹರಾಜಿನಲ್ಲಿ ಸವಾಲಿನ ಬೆಲೆ ಏಳದಿದ್ದರೆ ನಾವೇನು ಮಾಡುತ್ತೇವೆ? ನಮ್ಮವನೊಬ್ಬನನ್ನು ಹಿಂದೆ ನಿಲ್ಲಿಸಿ ಕೂಗಿಸುತ್ತೇವೆ. ವ್ಯಾಪಾರಿ ಹಟಕ್ಕೆ ಬಿದ್ದು ಏರಿಸುತ್ತಾನೆ. ಏರಿಸದಿದ್ದರೆ ಮಾರಾಟವಿಲ್ಲವೆಂದು ಚೀಲವನ್ನು ಪಕ್ಕಕ್ಕೆ ಸರಿಸಿದರಾಯಿತು. ಹೆಂಡತಿಯ ತಮ್ಮ, ದಾವಣಗೆರೆಯ ಮುರುಗೇಶನಿಗೆ ಫೋನು ಮಾಡಿದೆ.

"ಲೇ ಮುರುಗೇಶ, ನನ್ನ ಸೀರೆ ಸವಾಲು ಕೆಳಗೆ ಬೀಳಾಕೆ ಬಿಡಬೇಡ. ಏರಿಸ್ತಾ ಇರು."

"ಆಯ್ತು ಭಾವ" ಎಂದ. ಹೇಳಿದ ಮಾತು ಮೀರುವ ಹುಡುಗನಲ್ಲ. ಎಂಟು ಸಾವಿರ ಕೂಗಿದ. ದೆಹಲಿಯವನು ಸದ್ದಿಲ್ಲದೆ ಎದ್ದು ಹೋದ. ಹರಾಜಿನ ಹೊತ್ತು ಮುಗಿಯಿತು, ಸೀರೆ ಮುರುಗೇಶನದಾಯಿತು. ಎಂಟು ಸಾವಿರಕ್ಕೆ ನೂರಕ್ಕೆ ಐದರಂತೆ ನಾನೂರು ರೂಪಾಯಿ ಕಟ್ಟಬೇಕೆಂದು ನನಗೆ ಬಿಲ್ಲು ಬಂತು. ಕಂಪ್ಯೂಟರಿನಲ್ಲಿ ಪಕ್ಕಕ್ಕೆ ಸರಿಸಲು ಚೀಲವಿಲ್ಲ. ಕೊಂಡವನೂ ಬೇಡವೆಂದು ಒಪ್ಪಿದರೆ ಮಾತ್ರ ಶುಲ್ಕ ಮಾಫಿಯಂತೆ.

"ನಾನೇನೋ ಒಪ್ತೀನಿ ಭಾವ. ತ್ರಿವೇಣಿ ಒಪ್ತಾ ಇಲ್ಲ. ಫೋಟೋ ನೋಡ್ಬಿಟ್ಟವಳೆ" ಎಂದ ಮುರುಗೇಶ. ತ್ರಿವೇಣಿ ಅವನ ಹೆಂಡತಿ.

"ಮತ್ತೆ ದುಡ್ಡು?"

"ನಮ್ಮ ನಮ್ಮೊಳಗೆ ದುಡ್ಡೇನು ಭಾವ."

ಪಕ್ಕದಲ್ಲೇ ಅವನ ಅಕ್ಕ ನಿಂತಿದ್ದಳು. ಸೀರೆಯನ್ನು ಪಾರ್ಸೆಲ್ ಮಾಡಿದೆ. ಅದರ ಖರ್ಚೂ ನನ್ನದೇ.

ಹೋಗಲಿ, ಗಂಗಾಂಬಿಕಾಳ ಸೀರೆಯಾದರೂ ಉಳಿಯಿತಲ್ಲ ಎಂದು ಎರಡು ದಿನ ಸಮಾಧಾನದಿಂದ ಊಟ ಮಾಡಿದೆ. ಮೂರನೆಯ ದಿನ ಮಜ್ಜಿಗೆ ಬಡಿಸುತ್ತ ಅವಳೆಂದಳು, "ತ್ರಿವೇಣಿ ಗೃಹಪ್ರವೇಶಕ್ಕೆ ಅದೇ ಸೀರೆ ಉಡ್ತಾಳಂತೆ."

"ಉಡ್ಲಿ ಬಿಡು."

"ನಾನೂ ಅದನ್ನೇ ಉಟ್ಕಂಡು ಪಕ್ಕದಾಗೆ ನಿಂತ್ರೆ ಬ್ಯಾಂಡ್ ಸೆಟ್ಟಿನೋರು ಬಂದವ್ರೆ ಅಂತಾರೆ. ಬೇರೆ ಬಣ್ಣದ್ದು ತರ್ರಿ. ಇದನ್ನೂ ಹಾಕ್ರಿ ನಿಮ್ಮ ಕಂಪ್ಯೂಟರಿಗೆ."

ವೆಂಕಟಪ್ಪ ಪಕ್ಕದ ಮನೆಯ ಮಗ್ಗದಿಂದ ಹಸಿರು ಸೀರೆಯೊಂದನ್ನು ಕೊಡಿಸಿದ. ಆರು ಸಾವಿರ, ನಗದು. ಗಂಗಾಂಬಿಕಾಳಿಗೆ ಅದು ಎಷ್ಟು ಒಪ್ಪಿತೆಂದರೆ ನನಗೂ ಒಂದು ಗಳಿಗೆ ಸಂತೋಷವಾಯಿತು.

ಎರಡನೆಯ ಸಲ ನಾನು ಅನುಭವಿಯಾಗಿದ್ದೆ. ಒಂದೇ ಫೋಟೋ, ದಪ್ಪಕ್ಷರ ಇಲ್ಲ, ಯಾರಿಗೂ ಫೋನಿಲ್ಲ. ಏಳು ದಿನ ಕೈಕಟ್ಟಿ ಕೂತೆ. ಕೊನೆಯ ದಿನ ನೋಡಿದರೆ ಸವಾಲು ಒಂಬತ್ತು ಸಾವಿರಕ್ಕೆ ನಿಂತಿದೆ. ಗಂಗಾಂಬಿಕಾಳನ್ನು ಕರೆದು ತೋರಿಸಿದೆ. ಎಲ್ಲ ಶುಲ್ಕ ಕಳೆದರೂ ಎಂಟು ಸಾವಿರಕ್ಕೆ ಮೋಸವಿಲ್ಲ ಎಂದು ಅವಳಿಗೆ ಬಿಡಿಸಿ ಹೇಳುತ್ತಿದ್ದಾಗ ಹರಾಜಿನ ಹೊತ್ತು ಮುಗಿಯಿತು, ಫೋನು ರಿಂಗಾಯಿತು.

"ಭಾವ, ಇನ್ನೊಂದು ಸೀರೆ ಹಾಕಿದ್ದು ನೋಡ್ದೆ" ಎಂದ ಮುರುಗೇಶ. "ನೀವು ಹೇಳ್ದಂಗೆ ಸವಾಲು ಕೆಳಗೆ ಬೀಳಾಕೆ ಬಿಡಲಿಲ್ಲ. ಈ ಸಲಾನೂ ನಾವೇ ಗೆದ್ವಿ."