ಕೊಬ್ಬರಿ ಜೊತೆ ಒಣಗಿದ ಸೋಪು

ಹೊಳೆನರಸೀಪುರದಲ್ಲಿ ದಿನಸಿ, ಕೊಬ್ಬರಿ ಎರಡೂ ವ್ಯಾಪಾರ ನನ್ನದು. ಗಲ್ಲಾಪೆಟ್ಟಿಗೆ ಮುಂದೆ ಕೂತವನಿಗೆ ನಗುವುದಕ್ಕೆ ಟಿ.ವಿ. ಬೇಕಿಲ್ಲ, ದಿನಕ್ಕೊಂದು ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ. ಈ ಸಲದ್ದು ಮಾತ್ರ ಮನೆಯೊಳಗಿಂದಲೇ ಹೊರಟಿತು.

೧. ಮನೆಯಾಕೆಯ ಉಳಿತಾಯ

ಅರಕಲಗೂಡಿನ ನಾದಿನಿ ಮೊಬೈಲಿಗೆ ವಿಡಿಯೋ ಕಳಿಸಿದಳು. ಕರಿದುಳಿದ ಎಣ್ಣೆ, ಕಾಸ್ಟಿಕ್ ಸೋಡಾ, ನೀರು. ಬಟ್ಟೆ ಸೋಪು ತಯಾರು. ನನ್ನ ಹೆಂಡತಿ ಅವತ್ತೇ ಸೆರಗು ಬಿಗಿದಳು.

"ಸೋಪು ಮಾರೋನ ಮನೇಲೇ ಸೋಪು ಮಾಡಿದ್ರೆ ಗಿರಾಕಿಗಳು ಏನಂದ್ಕೋತಾರೆ?" ಅಂದೆ.

"ಹೋಟ್ಲಿನೋರು ಮನೇಲಿ ಒಲೆ ಹಚ್ಚಲ್ವಾ? ಮಾರೋದೇ ಬೇರೆ, ಬಳಸೋದೇ ಬೇರೆ. ನಿಮ್ಗೆ ಗೊತ್ತಿಲ್ದೇ ಇರೋದಾ?"

ಅಂಗಡಿಯಲ್ಲಿ ನಾನು ಯಾರಿಗೂ ಹೇಳದ ಸತ್ಯ. ಸೋಡಾ ಪೊಟ್ಟಣ ತಂದುಕೊಟ್ಟೆ.

೨. ಪಕ್ಕದ ಮನೆಯ ಕಾಳಜಿ

ನನ್ನ ಹೆಂಡತಿ ಕೈಗವಸು ಹಾಕಿಕೊಂಡು ಹಿತ್ತಲಲ್ಲಿ ತಿರುವುತ್ತಿದ್ದಾಗ ಪಕ್ಕದ ಮನೆಯಾಕೆ ಇಣುಕಿದಳು.

"ಏನಕ್ಕಾ ಅದು?"

"ಬಟ್ಟೆ ಸೋಪು ಕಣೇ."

"ಅಯ್ಯೋ! ಅಂಗ್ಡಿ ಮುಳುಗೋಯ್ತಾ?"

ಅಚ್ಚಿಗೂ ದುಡ್ಡು ಯಾಕೆಂದು ನನ್ನ ಹೆಂಡತಿ ಸೋಪನ್ನು ತೆಂಗಿನ ಕರಟಕ್ಕೆ ಹುಯ್ದಿದ್ದಳು. ಬಿಡಿಸಿದಾಗ ಕಂದು ಬಣ್ಣದ ಹೋಳುಗಳಾದವು. ತಿಂಗಳು ಒಣಗಬೇಕಂತೆ, ಮಹಡಿ ಮೇಲೆ ನನ್ನ ಕೊಬ್ಬರಿ ಹೋಳುಗಳ ಪಕ್ಕದಲ್ಲೇ ಹರವಿದಳು. ಅಷ್ಟರಲ್ಲಿ ಪಕ್ಕದ ಮನೆಯ ಮಾತು ಬೀದಿಯೆಲ್ಲ ಹರಡಿ, ಹಳೇ ಗಿರಾಕಿಗಳು ಮೂವರು ಬಂದು, ಅಂಗಡಿ ಯಾವಾಗ ಮುಚ್ಚುತ್ತೀರಿ, ತಕ್ಕಡಿ ಮಾರುತ್ತೀರಾ ಎಂದು ವಿಚಾರಿಸಿ ಹೋದರು.

೩. ಚನ್ನರಾಯಪಟ್ಟಣದ ನಾಲಿಗೆ

ತಿಂಗಳಾದ ಮೇಲೆ ಕೊಬ್ಬರಿ ತುಂಬಿಕೊಂಡು ಚನ್ನರಾಯಪಟ್ಟಣದ ಮಂಡಿಗೆ ಹೋದೆ. ಅಲ್ಲಿನ ಹಿರಿಯ ವ್ಯಾಪಾರಿ ಹೋಳು ಕಚ್ಚಿ ನೋಡಿಯೇ ಮಾಲು ಹಿಡಿಯುವುದು. ಅವನು ಉಗುಳಿದರೆ ಆ ಲೋಡನ್ನು ಮಂಡಿಯಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ.

"ಬಾಯ್ಗಾಕ್ಕಂಡ್ರೆ ಯಾವ ತ್ವಾಟದ್ದು ಅಂತ ಏಳ್ಬುಡ್ತೀನಿ" ಅಂತ ಸುತ್ತ ನಿಂತ ಹುಡುಗು ವ್ಯಾಪಾರಿಗಳಿಗೆ ಹೇಳುತ್ತಾ ಮೂಟೆಗೆ ಕೈ ಹಾಕಿದ. "ಏನ್ಲಾ ಇದು, ಇಷ್ಟು ದಪ್ಪ ತಿರುಳು!"

ಆಗ ನೋಡಿದೆ. ಮನೆಯಾಕೆಯ ಸೋಪು! ಬಾಚಿ ತುಂಬಿದ ಹಮಾಲಿ ಅದನ್ನೂ ಸೇರಿಸಿದ್ದ. "ಅಣ್ಣಾ, ತಡಿ..." ಅನ್ನುವಷ್ಟರಲ್ಲಿ ಕಚ್ಚಿ ಅಗಿದಾಗಿತ್ತು.

ದವಡೆ ನಿಂತಿತು. ಕಣ್ಣು ಮೇಲಕ್ಕೆ ಹೋಯಿತು. ತುಟಿಯಂಚಲ್ಲಿ ಬಿಳಿ ನೊರೆ. ಹುಡುಗರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದಾರೆ. ನನ್ನ ಲೋಡು ಹೋಯಿತು ಅಂದುಕೊಂಡೆ.

"ಯಾವ ತ್ವಾಟದ್ದು ಸಾ?" ಅಂದ ಒಬ್ಬ.

ಹಿರಿಯ ಗಟಕ್ಕನೆ ನುಂಗಿದ. ಟವಲಿನಲ್ಲಿ ನೊರೆ ಒರೆಸಿಕೊಂಡ.

"ಒಳೆ ಪಕ್ಕದ್ದು ಕಣ್ಲಾ, ನೀರು ಜಾಸ್ತಿ. ಅದ್ಕೇ ನೊರೆ ಬತ್ತದೆ. ತೂಕಕ್ಕಾಕು!"